ಕೆಂಪು ಕೋಟಿನ ಹಾಡು

ಲಿಕ್ ಬ್ರಾಂಚ್ ಕಣಿವೆಯಲ್ಲಿ ಮೊಬೈಲ್ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಒಂದೇ ಕಡೆ, ಗುಡ್ಡದ ನೆತ್ತಿಯ ಮೇಲಿನ ಸ್ಮಶಾನದಲ್ಲಿ. ಕೆಳಗೆ ಹಳ್ಳದ ಪಕ್ಕ ಸಾಲಾಗಿ ಕೂತ ಹದಿನಾಲ್ಕು ಮನೆಗಳಿಗೆ ಬಿಸಿಲು ಇಳಿಯುತ್ತಿದ್ದುದೇ ಹತ್ತು ಗಂಟೆಯ ಮೇಲೆ, ಇನ್ನು ಸಿಗ್ನಲ್ ಎಲ್ಲಿಂದ ಇಳಿಯಬೇಕು. ಮನೆಮನೆಯ ಗೋಡೆಗೂ ತಂತಿಯ ಫೋನು ಇತ್ತು ನಿಜ, ಆದರೆ ಅದರಲ್ಲಿ ಮಾತಾಡಿದರೆ ಮನೆಯವರೆಲ್ಲ ಕಿವಿಕೊಡುತ್ತಿದ್ದರು. ಹಾಗಾಗಿ ಗುಟ್ಟು ಮಾತಾಡಬೇಕಾದವರು, ಓಹಾಯೋದ ಕಾರ್ಖಾನೆಗೆ ಹೋದ ಗಂಡನ ಹತ್ತಿರ ಜಗಳ ಆಡಬೇಕಾದವರು, ಎಲ್ಲರೂ ಏದುಸಿರು ಬಿಡುತ್ತ ಹತ್ತಿಹೋಗಿ ಸತ್ತವರ ನಡುವೆ ನಿಂತು ಮಾತಾಡಿ ಬರುತ್ತಿದ್ದರು. ಫೆಬ್ರವರಿಯ ಒಂದು ಶನಿವಾರ ಟ್ರೆಸ್ಸಾ ಕೂಡ ಹಾಗೇ ಹತ್ತಿಹೋದವಳು, ಅರ್ಧ ಗಂಟೆಯಾದ ಮೇಲೆ ಹಿಮದಲ್ಲಿ ಜಾರುತ್ತ ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನನ್ನ ತಗೊಂಡ್ರು," ಎಂದಳು.

ಅವಳ ತಾಯಿ ವಿಲ್ಡಾ ಮೆಕ್ಕೆಜೋಳದ ಹಿಟ್ಟಿಗೆ ಮಜ್ಜಿಗೆ ಹುಯ್ಯುತ್ತಿದ್ದಳು. "ಬೂಟು ಬಿಚ್ಚಿ ಮಾತಾಡು. ಯಾರು ತಗೊಂಡ್ರು?"

"ಟಿ.ವಿ.ಯೋರು. ಹಾಡಿನ ಸ್ಪರ್ಧೆಗೆ. ಹೋದ ತಿಂಗಳು ಗೆಳತಿ ಮದುವೆ ಅಂತ ಹೋಗಿದ್ನಲ್ಲ, ಮದುವೆ ಇರಲಿಲ್ಲ. ಅಲ್ಲಿಗೆ ಹೋಗಿದ್ದೆ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೂತಿದ್ದ ಅರ್ವಿನ್ ಟಿ.ವಿ.ಯ ಸದ್ದು ತಗ್ಗಿಸಿದ. ಅವನು ವಿಲ್ಡಾಳ ಅಣ್ಣ. ಗಣಿಯಲ್ಲಿ ಚಾವಣಿ ಕುಸಿದು ಬೆನ್ನು ಕೆಟ್ಟ ಮೇಲೆ ಪೆನ್ಷನ್ ತೆಗೆದುಕೊಂಡು ಆ ಕುರ್ಚಿಯಲ್ಲೇ ಸಂಸಾರ ಹೂಡಿದ್ದ. "ಸುಳ್ಳು ಹೇಳಿ ಹೋದ್ರೂ ಕೆಲಸ ಮಾಡ್ಕೊಂಡು ಬಂದಿದಾಳೆ ಬಿಡು," ಎಂದ. "ಈ ಮನೇಲಿ ಒಬ್ರಾದ್ರೂ."

ಅಜ್ಜಿ ಡೆಲ್ಫಿಯಾ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಏನು ಹಾಡಿದೆ?"

"ಮೊದಲು ರೇಡಿಯೋದ್ದು ಒಂದು ಹಾಡಿದೆ ಅಜ್ಜಿ. ಅರ್ಧಕ್ಕೇ ಕೈ ಎತ್ತಿದ್ರು. ಇಂಥದ್ದು ಬೆಳಗಿಂದ ನಲವತ್ತು ಕೇಳಿದೀವಿ, ನಿಮ್ಮನೇಲಿ ಏನು ಹಾಡ್ತೀರೋ ಅದನ್ನ ಹಾಡು ಅಂದ್ರು. ಕೋಟಿನ ಹಾಡು ಹಾಡ್ದೆ. ಅಲ್ಲಿದ್ದ ಹೆಂಗಸು ಅತ್ತುಬಿಟ್ಲು."

ವಿಲ್ಡಾಳ ಕೈಯಲ್ಲಿದ್ದ ಮಜ್ಜಿಗೆಯ ಪಾತ್ರೆ ಹಾಗೇ ನಿಂತಿತು. ಡೆಲ್ಫಿಯಾ ತಲೆಯೆತ್ತಿ ಮಗಳು ವಿಲ್ಡಾಳ ಮುಖ ನೋಡಿದಳು, ಮತ್ತೆ ಆಲೂಗಡ್ಡೆಯ ಕಡೆ ಕಣ್ಣು ಇಳಿಸಿದಳು.

"ಅದು ಸಮಾಧಿ ಹತ್ತಿರ ಹಾಡೋ ಹಾಡು," ವಿಲ್ಡಾ ಎಂದಳು.

"ಹಾಡು ಅಂದ್ರೆ ಹಾಡು ಅಮ್ಮ. ಹಳೇದು. ಯಾರಾದ್ರೂ ಬೇಡ ಅಂತಾರಾ?"

ಬೇಡ ಅನ್ನುವವರು ಆ ಅಡುಗೆಮನೆಯಲ್ಲೇ ಇದ್ದರು. ಆದರೆ ವಿಲ್ಡಾ ಹಿಟ್ಟು ಕಲಸಿ, ಕಾದ ಬಾಣಲೆಗೆ ಹುಯ್ದು, ಓವನ್ನಿನೊಳಗಿಟ್ಟು ಅದರ ಬಾಗಿಲು ಮುಚ್ಚಿದಳು.

ಹದಿನೆಂಟು ವರ್ಷದ ಹಿಂದೆ, ಟ್ರೆಸ್ಸಾ ಇನ್ನೂ ಎರಡರ ಮಗುವಾಗಿದ್ದಾಗ, ಅವಳ ಅಕ್ಕ ಜೂನಿ ಮೂರು ದಿನದ ಜ್ವರದಲ್ಲಿ ಹೋಗಿದ್ದಳು. ಐದು ವರ್ಷ ತುಂಬಿ ಒಂದು ತಿಂಗಳಾಗಿತ್ತು. ಆ ವಾರವೇ ವಿಲ್ಡಾ ಅವಳ ಕೆಂಪು ಕೋಟಿನ ತೋಳಿನ ಮಡಿಕೆ ಬಿಚ್ಚಿ, ಬರುವ ಚಳಿಗೆಂದು ಉದ್ದ ಮಾಡಿ, ಮೊಳೆಗೆ ತಗುಲಿಹಾಕಿದ್ದಳು. ಅದೇ ಕೋಟು ತೊಡಿಸಿ ಮಗುವನ್ನು ಮಣ್ಣು ಮಾಡಿದರು. ತೊಡಿಸಿದವಳು ಡೆಲ್ಫಿಯಾ. ತೋಳು ಬೆರಳ ತುದಿ ದಾಟಿ ಇಳಿಬಿದ್ದಿತ್ತು.

ಆಮೇಲೆ ಆ ಚಳಿಗಾಲವೆಲ್ಲ ವಿಲ್ಡಾ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಒಂದೊಂದೇ ಸಾಲು ಕಟ್ಟಿದಳು. ಮೇ ತಿಂಗಳ ಕೊನೆಯ ಭಾನುವಾರ ಕಣಿವೆಯವರೆಲ್ಲ ಗುಡ್ಡ ಹತ್ತಿ, ಸಮಾಧಿಗಳ ಕಳೆ ಕಿತ್ತು, ಹೂವಿಟ್ಟು, ಹಾಡಿ, ಅಲ್ಲೇ ಉಂಡು ಬರುವ ಪದ್ಧತಿ. ಹೂವಿನ ಭಾನುವಾರ ಎನ್ನುತ್ತಾರೆ. ಅವರ ಚರ್ಚಿನ ಸಭೆಯಲ್ಲಿ ವಾದ್ಯ ಇಲ್ಲ. ಹಿರಿಯನೊಬ್ಬ ಒಂದು ಸಾಲು ಹೇಳಿಕೊಡುತ್ತಾನೆ, ಮಿಕ್ಕವರು ಅದನ್ನು ಹಿಡಿದು ಎಳೆದು ಹಾಡುತ್ತಾರೆ, ಮತ್ತೆ ಅವನು ಮುಂದಿನ ಸಾಲು ಕೊಡುತ್ತಾನೆ. ಕೊಟ್ಟ ಸಾಲನ್ನು ಹಿಡಿಯುವುದು ಅಲ್ಲಿಯ ಮಕ್ಕಳಿಗೆ ಮಾತು ಕಲಿಯುವ ಮೊದಲೇ ಬರುತ್ತದೆ. ಹಾಡುಗಳೆಲ್ಲ ಹಿಂದಿನವರವು. ತನ್ನ ದುಃಖಕ್ಕೆ ತಾನೇ ಹಾಡು ಕಟ್ಟಿ ನಾಲ್ಕು ಜನರ ಮುಂದೆ ಹಾಡುವುದೆಂದರೆ ಜಂಭ, ಅದರಲ್ಲೂ ಹೆಂಗಸು. ಆ ಭಾನುವಾರ ವಿಲ್ಡಾ ಮಗಳ ಕಲ್ಲಿನ ಹತ್ತಿರ ನಿಂತು, ಯಾರನ್ನೂ ಕೇಳದೆ, ಬಾಯಿ ತೆರೆದು ಹಾಡಿಬಿಟ್ಟಳು.

*ಮೊಳೆಗೆ ತೂಗಿದೆ ಕೆಂಪು ಕೋಟು,*
*ತೋಳಿನ ಮಡಿಕೆ ಬಿಚ್ಚಿಟ್ಟೆ;*
*ಚಳಿಗಾಲ ಬಂತು, ತೋಳು ಉದ್ದಾಯ್ತು,*
*ಕೈ ಮಾತ್ರ ಅಷ್ಟೇ ಉಳಿದಿತ್ತೆ.*

ಹಾಡು ಮುಗಿದಾಗ ಸಭೆಯ ಹಿರಿಯ ಎನಸ್ ಹತ್ತಿರ ಬಂದು, "ಇದು ಯಾರ ಹಾಡು ತಂಗಿ? ನಾನು ಕೇಳಿಲ್ಲ," ಎಂದ. ವಿಲ್ಡಾ ಬಾಯಿ ತೆರೆಯುವ ಮುನ್ನ ಡೆಲ್ಫಿಯಾ ಮುಂದೆ ಬಂದಳು. "ನಮ್ಮಜ್ಜಿ ಹಾಡು ಬ್ರದರ್. ಹಳೇದು. ಮರೆತೇ ಹೋಗಿತ್ತು." ಎನಸ್ ತಲೆಯಾಡಿಸಿದ. ಅಂದಿನಿಂದ ಅದು ಹಳೆಯ ಹಾಡಾಯಿತು. ವರ್ಷವರ್ಷ ಹಾಡಿದರು, ಬೇರೆಯವರ ಮಕ್ಕಳ ಸಮಾಧಿಗೂ ಹಾಡಿದರು. ಕೇಳಿದವರಿಗೆಲ್ಲ ವಿಲ್ಡಾ ಅದನ್ನೇ ಹೇಳಿದಳು. ಬೆಳೆದ ಟ್ರೆಸ್ಸಾಳಿಗೂ ಅದನ್ನೇ ಹೇಳಿದಳು.

*

ಮಾರ್ಚ್ ಮೊದಲ ವಾರ ಟ್ರೆಸ್ಸಾ ಟಿ.ವಿ.ಯಲ್ಲಿ ಆ ಹಾಡು ಹಾಡಿದಳು. ಊರ ಸಾಮಾನಿನ ಅಂಗಡಿಯ ಕೌಂಟರಿನಲ್ಲಿ ನಿಂತು ಸಾಬೂನಿನ ಪುಡಿ ಮಾರುತ್ತಿದ್ದ ಹುಡುಗಿ ನೀಲಿ ಬೆಳಕಿನಲ್ಲಿ ಒಂಟಿಯಾಗಿ ನಿಂತಿದ್ದಳು. ಕೆಟ್ಟದಾಗಿ ಹಾಡಲಿಲ್ಲ. ವಿಲ್ಡಾಳಿಗೆ ಅದೇ ಹೆಚ್ಚು ನೋವಾಯಿತು. ಮಗಳ ಗಂಟಲಲ್ಲಿ ಆ ಹಾಡು ಅವಳಿಗಿಂತ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಗೋಡೆಯ ಫೋನು ಬಡಿದುಕೊಂಡಿತು. ವಿಲ್ಡಾ ಕೈಯ ಹಿಟ್ಟು ಒರೆಸಿಕೊಂಡು ಎತ್ತಿದಳು. ಆಚೆಯಿಂದ ಪೈಪರ್ ಎನ್ನುವ ಹೆಂಗಸು, ಸ್ಪರ್ಧೆಯ ಕಚೇರಿಯವಳು. ತುಂಬ ನಯವಾದ ದನಿ.

"ಅಮ್ಮ, ಒಂದೇ ಒಂದು ಮಾತು ಕೇಳಬೇಕಿತ್ತು. ಆ ಹಾಡು ಬರೆದವರು ಯಾರು? ಟ್ರೆಸ್ಸಾ ಹಳೇದು ಅಂತಾಳೆ. ಆದರೆ ನಾವು ಎಲ್ಲಿ ಹುಡುಕಿದರೂ ಸಿಗ್ತಿಲ್ಲ. ಬರೆದವರು ಯಾರಾದರೂ ಇದ್ದರೆ ಅವರ ಒಪ್ಪಿಗೆ ಬೇಕಾಗುತ್ತೆ."

ಡೆಲ್ಫಿಯಾ ಮೇಜಿನ ಹತ್ತಿರ ಕೂತು, ದಾರಕ್ಕೆ ಪೋಣಿಸಿ ಒಣಗಿಸಿಟ್ಟಿದ್ದ ಹುರುಳಿಕಾಯಿಯನ್ನು ನೆನೆಹಾಕಲು ಮುರಿಯುತ್ತಿದ್ದಳು. ಕೈ ನಿಂತಿತ್ತು. ಅವಳು ತಲೆಯೆತ್ತಲಿಲ್ಲ, ಆದರೆ ಅವಳ ಬೆನ್ನು ನೆಟ್ಟಗಾಯಿತು. ಮೇ ಮೊದಲ ವಾರ ಸಭೆಯ ವರ್ಷದ ಕೂಟ. ನಿಜ ಹೊರಬಿದ್ದರೆ, ಸಮಾಧಿಯ ಹತ್ತಿರ ಹಿರಿಯನಿಗೆ ಸುಳ್ಳು ಹೇಳಿದವಳು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು ಕ್ಷಮೆ ಕೇಳಬೇಕು. ಅವರು ಕ್ಷಮಿಸುತ್ತಾರೆ, ಅಳುತ್ತ ಕೈಯನ್ನೂ ಹಿಡಿಯುತ್ತಾರೆ, ಸಾಯುವವರೆಗೂ ಅದನ್ನೇ ಹೇಳಿಕೊಂಡಿರುತ್ತಾರೆ.

"ಅಮ್ಮ, ಕೇಳಿಸ್ತಿದೆಯಾ?" ಪೈಪರ್ ಕೇಳಿದಳು.

"ಕೇಳಿಸ್ತಿದೆ. ಹಳೇದು," ಎಂದಳು ವಿಲ್ಡಾ. "ನಮ್ಮಮ್ಮನ ಅಜ್ಜಿದು. ಬರೆದೋರು ಯಾರೂ ಇಲ್ಲ."

ಅಷ್ಟು ವರ್ಷ ಹೇಳಿದ ಮಾತು ತಾನಾಗಿ ಬಂದಿತ್ತು. ಫೋನಿಟ್ಟ ಮೇಲೆ ಡೆಲ್ಫಿಯಾ ಹುರುಳಿಕಾಯಿ ಮುರಿಯತೊಡಗಿದಳು. ಮರುವಾರ ಕಾಗದ ಬಂತು. ಈ ಹಾಡು ತಲೆಮಾರುಗಳಿಂದ ನಮ್ಮ ಮನೆಯಲ್ಲಿ ಬಂದದ್ದು, ರಚಿಸಿದವರು ಬದುಕಿಲ್ಲ ಎಂದು ಬರೆದಿತ್ತು. ಅರ್ವಿನ್ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ.

"ಇದಕ್ಕೆ ಏನಾದ್ರೂ ಕೊಡ್ತಾರಾ?"

"ಸತ್ತೋರಿಗೆ ಏನು ಕೊಡ್ತಾರೆ?" ಎಂದು ಡೆಲ್ಫಿಯಾ ಮೊದಲು ಸಹಿ ಹಾಕಿ ಪೆನ್ನನ್ನು ಮಗಳ ಕಡೆ ತಳ್ಳಿದಳು. ವಿಲ್ಡಾ ಅದರ ಕೆಳಗೆ ತನ್ನ ಹೆಸರು ಬರೆದಳು.

*

ಏಪ್ರಿಲ್ ಕೊನೆಗೆ ಟ್ರೆಸ್ಸಾ ಕೊನೆಯ ನಾಲ್ವರಲ್ಲಿ ಒಬ್ಬಳಾಗಿದ್ದಳು. ಅಂಥವರ ಮನೆಗೆ ಕ್ಯಾಮೆರಾ ಬರುವ ಪದ್ಧತಿ. ಎರಡು ವ್ಯಾನು ಹಳ್ಳ ದಾಟಿ ಬಂದು ಅಂಗಳದಲ್ಲಿ ನಿಂತವು. ವಿಲ್ಡಾ ಹಿಂದಿನ ದಿನವೇ ರಜೆ ಹಾಕಿ ಕರ್ಟನ್ ಒಗೆದಿದ್ದಳು. ಪೈಪರ್ ಬಂದವಳೇ ಆ ಕರ್ಟನ್ ಬಿಚ್ಚಿಸಿದಳು. ಇಸ್ತ್ರಿ ಮಾಡಿದ ಮೇಜಿನ ಬಟ್ಟೆ ತೆಗೆಸಿದಳು. ಹೊಸ ಫ್ರಿಜ್ಜಿನ ಮುಂದೆ ಹಳೆಯ ರಜಾಯಿ ತೂಗಿಸಿದಳು.

"ಮನೆ ಚೆನ್ನಾಗಿದೆ ಅಮ್ಮ," ಎಂದಳು ನಗುತ್ತ. "ಆದರೆ ಸ್ವಲ್ಪ ಜಾಸ್ತಿ ಚೆನ್ನಾಗಿದೆ."

ಟ್ರೆಸ್ಸಾ ಬಿಳಿಯ ಬೂಟು ಹಾಕಿದ್ದಳು, ಕೂದಲಿನ ಬಣ್ಣ ಬದಲಾಗಿತ್ತು. ಅಮ್ಮನನ್ನು ತಬ್ಬಿಕೊಂಡಳು. ಕ್ಯಾಮೆರಾದವನು ಸರಿಯಾಗಿ ಬರಲಿಲ್ಲ ಎಂದ. ಎರಡನೆಯ ಸಲ ತಬ್ಬಿಕೊಂಡಳು.

ಆಮೇಲೆ ಪೈಪರ್ ಗೋಡೆಯ ಸುತ್ತ ನೋಡಿ, ಒಳಕೋಣೆಯ ಬಾಗಿಲ ಪಕ್ಕದ ಮೊಳೆಯನ್ನು ತೋರಿಸಿ, "ಇದಕ್ಕೆ ಗಂಡಸಿನ ಕೋಟು ಬೇಕು. ಹಳೇದು, ದೊಡ್ಡದು," ಎಂದಳು. ಅರ್ವಿನ್ ತನ್ನ ಗಣಿಯ ಕೋಟು ತಂದುಕೊಟ್ಟ. ಹದಿನೆಂಟು ವರ್ಷ ಯಾರೂ ಏನನ್ನೂ ತಗುಲಿಹಾಕದ ಮೊಳೆ ಅದು. ಭಾರಕ್ಕೆ ಸ್ವಲ್ಪ ಬಾಗಿತು.

"ಗಂಡಸಿನ ಕೋಟು ಯಾಕೆ?" ವಿಲ್ಡಾ ಕೇಳಿದಳು. ಅಷ್ಟರಲ್ಲಿ ಕ್ಯಾಮೆರಾದ ದೀಪ ಹತ್ತಿತ್ತು. ಟ್ರೆಸ್ಸಾ ಆ ಕೋಟಿನ ಪಕ್ಕ ಒರಗಿ ನಿಂತು ಗಿಟಾರು ಮೀಟಿದಳು.

*ಮೊಳೆಗೆ ತೂಗಿದೆ ನಿನ್ನ ಕೋಟು,*
*ಬಾಗಿಲ ಚಿಲಕ ತೆಗೆದಿಟ್ಟೆ;*
*ಚಳಿಗಾಲ ಬಂತು, ಟ್ರಕ್ಕಿನ ದೀಪ ಬಂತು,*
*ನಿನ್ನೆದೆಯಲಿ ನಾ ಬೆಚ್ಚಗಾದೆ.*

ರಾಗ ಅದೇ. ಒಂದೊಂದು ತಿರುವೂ ಅದೇ. ವಿಲ್ಡಾ ಸಿಂಕಿನ ಅಂಚು ಹಿಡಿದುಕೊಂಡು ಪೂರ್ತಿ ಕೇಳಿದಳು. ಪೈಪರ್ ಅವಳ ಕಣ್ಣೀರು ನೋಡಿ ಕ್ಯಾಮೆರಾದವನಿಗೆ ಸನ್ನೆ ಮಾಡಿದಳು. ಅವನು ಅದನ್ನೂ ಹಿಡಿದುಕೊಂಡ.

ವ್ಯಾನುಗಳು ಪೇಟೆಯ ಹೋಟೆಲಿಗೆ ಹೋದವು. ಟ್ರೆಸ್ಸಾ ಮಾತ್ರ ಊಟಕ್ಕೆ ಉಳಿದಳು. ಬೇಯಿಸಿದ ಕಾಳು, ಹುರಿದ ಆಲೂಗಡ್ಡೆ, ಮೆಕ್ಕೆಜೋಳದ ಬ್ರೆಡ್ಡು, ಹೆಚ್ಚಿದ ಹಸಿ ಈರುಳ್ಳಿ. ಇನ್ನೂ ಬೆಳಕಿತ್ತು. ಅರ್ವಿನ್ ಪ್ರಾರ್ಥನೆ ಹೇಳಿ ಮುಗಿಸಿದ ಕೂಡಲೇ ವಿಲ್ಡಾ ಕೇಳಿದಳು:

"ಪದ ಬದಲಾಯಿಸಿದ್ದು ಯಾರು?"

"ಅಲ್ಲಿ ಬರೆಯೋರಿದಾರೆ ಅಮ್ಮ, ಮೂರು ಜನ. ಮಗು ಸತ್ತ ಹಾಡು ಒಂದ್ಸಲ ಸರಿ ಅಂತಾರೆ. ಮೊದಲ ಸಲ ಜನ ಅಳ್ತಾರೆ, ಎರಡನೇ ಸಲ ಚಾನೆಲ್ ಬದಲಾಯಿಸ್ತಾರಂತೆ."

"ನೀನು ಸರಿ ಅಂದ್ಯಾ?"

"ನಾನ್ಯಾರು ಬೇಡ ಅನ್ನೋಕೆ? ಹಳೇ ಹಾಡು. ಯಾರ ಸ್ವಂತದ್ದೂ ಅಲ್ಲ."

"ನಂದು," ಎಂದಳು ವಿಲ್ಡಾ.

ಅರ್ವಿನ್ ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿದ. ಟ್ರೆಸ್ಸಾ ನಕ್ಕಳು. ತಾಯಿ ನಗಲಿಲ್ಲವೆಂದು ಕಂಡ ಮೇಲೆ ತಾನೂ ನಿಲ್ಲಿಸಿದಳು.

"ಏನಮ್ಮ ನಿಂದು?"

"ಹಾಡು. ನಾನು ಕಟ್ಟಿದ್ದು. ಜೂನಿಗೆ ಕಟ್ಟಿದ್ದು."

"ಅಜ್ಜಿಯ ಅಜ್ಜಿದು ಅಂತ ನೀನೇ ತಾನೇ ಹೇಳ್ತಿದ್ದಿದ್ದು? ಸಹಿ ಮಾಡಿ ಕಳಿಸಿದೀಯಾ."

"ಸುಳ್ಳು ಹೇಳಿದೆ."

"ಚೆನ್ನಾಗಿದೆ," ಎಂದ ಅರ್ವಿನ್. "ಹದಿನೆಂಟು ವರ್ಷ ತೆಪ್ಪಗಿದ್ದು, ಹುಡುಗಿ ಗೆಲ್ಲೋ ಹೊತ್ತಿಗೆ ಹಾಡು ನಿಂದಾಯ್ತಾ? ನಾನೂ ಇದೇ ಮನೇಲಿದೀನಿ ವಿಲ್ಡಾ. ನೀನು ಹಾಡು ಕಟ್ಟಿದ್ದು ನಾನು ಕಾಣೆ."

"ನೀನು ನಿನ್ನ ಕುರ್ಚಿ ಬಿಟ್ಟು ಏನು ಕಂಡಿದೀಯಾ ಅಣ್ಣ?" ಎಂದು ವಿಲ್ಡಾ ತಾಯಿಯ ಕಡೆ ತಿರುಗಿದಳು. "ಅಮ್ಮ, ನೀನೇ ಹೇಳು."

ಡೆಲ್ಫಿಯಾ ಲೋಟದ ಮಜ್ಜಿಗೆಗೆ ಬ್ರೆಡ್ಡು ಪುಡಿ ಮಾಡಿ ಹಾಕಿಕೊಳ್ಳುತ್ತಿದ್ದಳು. ಚಮಚ ಲೋಟದೊಳಗೆ ಸುತ್ತುತ್ತಲೇ ಇತ್ತು.

"ಎನಸ್‌ಗೆ ಹೇಳಿದೀನಲ್ಲ. ನಮ್ಮಜ್ಜಿ ಹಾಡು ಅಂತ."

"ಎನಸ್‌ಗೆ ಏನು ಹೇಳಿದೆ ಅಂತ ಕೇಳಲಿಲ್ಲ. ನಿಜ ಏನು ಅಂತ ಕೇಳ್ದೆ. ಆ ಕೋಟು ತೊಡಿಸಿದ್ದು ನೀನು. ತೋಳು ಎಷ್ಟು ಉದ್ದ ಇತ್ತು ಅಂತ ನಿನಗೆ ಗೊತ್ತು."

"ಕಾಳು ಆರ್ತಿದೆ," ಎಂದಳು ಡೆಲ್ಫಿಯಾ. "ತಿನ್ನಿ."

ಟ್ರೆಸ್ಸಾ ಇಬ್ಬರನ್ನೂ ನೋಡಿದಳು. ಆಮೇಲೆ ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವಂತೆ, "ಅಮ್ಮ, ನೀನು ಅಷ್ಟು ವರ್ಷ ಹಾಡಿ ಹಾಡಿ ನಿನಗೆ ಹಾಗನ್ನಿಸಿರಬಹುದು," ಎಂದಳು. ವಿಲ್ಡಾ ತನ್ನ ತಟ್ಟೆ ಎತ್ತಿಕೊಂಡು ಹೋಗಿ, ಅದರಲ್ಲಿದ್ದುದನ್ನು ನಾಯಿಗೆ ಸುರಿದು ಬಂದಳು.

ಮರುದಿನದಿಂದ ಆ ಒಲೆಯ ಮೇಲೆ ಎರಡು ಪಾತ್ರೆ ಏರಿದವು. ತಾಯಿಯ ಕಾಳು ತಾಯಿಯದು, ಮಗಳ ಕಾಳು ಮಗಳದು. ವಿಲ್ಡಾ ತಾಯಿಯ ಬಟ್ಟೆ ಒಗೆಯುತ್ತಿದ್ದಳು, ಕಾಲಿಗೆ ಮುಲಾಮು ಹಚ್ಚುತ್ತಿದ್ದಳು, ಮಾತ್ರೆ ಎಣಿಸಿ ಬಟ್ಟಲಿಗೆ ಹಾಕಿಡುತ್ತಿದ್ದಳು. ಮಾತು ಮಾತ್ರ ಆಡುತ್ತಿರಲಿಲ್ಲ. ಮಧ್ಯೆ ಅರ್ವಿನ್ ಎರಡೂ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುತ್ತಿದ್ದ.

"ಅಮ್ಮಂದಕ್ಕೆ ಉಪ್ಪು ಜಾಸ್ತಿ," ಎನ್ನುತ್ತಿದ್ದ. "ನಿಂದಕ್ಕೆ ಇಲ್ಲವೇ ಇಲ್ಲ. ಒಂದು ಮಾಡ್ಕೊಂಡ್ರೆ ನಾನು ಬದುಕ್ತೀನಿ."

ವರ್ಷದ ಕೂಟಕ್ಕೆ ಡೆಲ್ಫಿಯಾ ಕಪ್ಪು ಬಟ್ಟೆ ತೊಟ್ಟು ಹೋದಳು. ಅಲ್ಲಿ ಎದ್ದು ನಿಲ್ಲಬಹುದೆಂದು ವಿಲ್ಡಾ ಹಿಂದಿನ ಬೆಂಚಿನಲ್ಲಿ ಕೂತು ಕಾದಳು. ಎನಸ್ ಸಾಲು ಕೊಟ್ಟ, ಎಲ್ಲರೂ ಹಿಡಿದು ಹಾಡಿದರು. ಡೆಲ್ಫಿಯಾಳ ದನಿ ಎಲ್ಲರದಕ್ಕಿಂತ ಮೇಲಿತ್ತು. ಅವಳು ಏಳಲಿಲ್ಲ.

*

ಮೇ ಹದಿನೈದರ ಸಂಜೆ ಕೊನೆಯ ಸುತ್ತು. ಟಿ.ವಿ.ಯಲ್ಲಿ ಹಾಡು ನೋಡಿ ಮುಗಿಸಿದ ಕೂಡಲೇ ಇಡೀ ಕಣಿವೆ ಗುಡ್ಡ ಹತ್ತಿತು. ಓಟು ಹಾಕಬೇಕಾದರೆ ಸಿಗ್ನಲ್ ಬೇಕು, ಸಿಗ್ನಲ್ ಬೇಕಾದರೆ ಸ್ಮಶಾನ. ಅರ್ವಿನ್ ಬೆನ್ನುನೋವು ಮರೆತು ಊರುಗೋಲು ಹಿಡಿದು ಎಲ್ಲರಿಗಿಂತ ಮುಂದೆ ಹೋಗಿದ್ದ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಒಬ್ಬೊಬ್ಬರಿಗೆ ಹತ್ತು ಓಟು," ಎಂದು ಕೂಗಿ ಹೇಳುತ್ತಿದ್ದ. "ಹತ್ತೂ ಹಾಕಿ. ಆ ಕಡೆ ನಿಂತ್ರೆ ಹಿಡಿಯಲ್ಲ, ಈ ಕಡೆ ಬನ್ನಿ, ಚಿಕ್ಕ ಕಲ್ಲಿನ ಹತ್ತಿರ. ಇಲ್ಲಿ ಪೂರ್ತಿ ಹಿಡಿಯುತ್ತೆ."

ಚಿಕ್ಕ ಕಲ್ಲು ಜೂನಿಯದು. ನಲವತ್ತು ಜನ ಅದರ ಸುತ್ತ ಒತ್ತಿಕೊಂಡು ನಿಂತು ಬೆರಳಾಡಿಸಿದರು. ಕಾಲಡಿಯ ಹುಲ್ಲು ಮಲಗಿಹೋಯಿತು. ವಿಲ್ಡಾ ಬೇಲಿಯ ಹತ್ತಿರ ನಿಂತಿದ್ದಳು.

"ನಿಂದು ಹಾಕಿಲ್ಲ ನೀನು," ಎಂದು ಅರ್ವಿನ್ ತನ್ನ ಫೋನು ಚಾಚಿದ. "ಹಾಡು ಯಾರದಾದ್ರೂ ಆಗ್ಲಿ, ಹುಡುಗಿ ನಿಂದಲ್ವಾ?"

ವಿಲ್ಡಾ ಫೋನು ತೆಗೆದುಕೊಂಡು ಹತ್ತು ಸಲ ಒತ್ತಿದಳು. ಒಂದನ್ನೂ ಬಿಡಲಿಲ್ಲ.

ಟ್ರೆಸ್ಸಾ ಗೆದ್ದಳು. ಪೇಟೆಯ ಪೆಟ್ರೋಲ್ ಬಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಹಾದುಹೋಗುವ ಟ್ರಕ್ಕುಗಳಲ್ಲಿ, ಎಲ್ಲೆಲ್ಲೂ ಆ ಹಾಡು. ಶಾಲೆಯಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಟ್ರಕ್ಕಿನ ದೀಪ ಬಂತು ಎಂದು ಹಾಡಿಕೊಂಡು ಬರುತ್ತಿದ್ದರು. "ಟ್ರೆಸ್ಸಾಳ ಅಮ್ಮ, ಇನ್ನೊಂದು ಚೂರು ಹಾಕಿ," ಎನ್ನುತ್ತಿದ್ದರು. ಅಡುಗೆಮನೆಯ ಹೆಂಗಸರು, "ನೀನಿನ್ನೂ ಯಾಕೆ ಪಾತ್ರೆ ತಿಕ್ತಿದೀಯಾ? ಮಗಳು ಕರ್ಕೊಂಡು ಹೋಗಲ್ವಾ?" ಎನ್ನುತ್ತಿದ್ದರು. ಅದರಲ್ಲಿ ಅರ್ಧ ತಮಾಷೆ, ಅರ್ಧ ಹೊಟ್ಟೆಕಿಚ್ಚು. ವಿಲ್ಡಾ ಎರಡಕ್ಕೂ ತಲೆಯಾಡಿಸುತ್ತಿದ್ದಳು.

ಗೆದ್ದ ಎಂಟನೆಯ ದಿನ ಟ್ರೆಸ್ಸಾ ಗೋಡೆಯ ಫೋನಿಗೆ ಕರೆ ಮಾಡಿದಳು.

"ಅಮ್ಮ, ಅಜ್ಜಿ ನಂಗೆ ಹೇಳಿದ್ಲು."

ವಿಲ್ಡಾ ತಿರುಗಿ ನೋಡಿದಳು. ಡೆಲ್ಫಿಯಾ ಹಿಂದಿನ ಮೆಟ್ಟಿಲಲ್ಲಿ ಕೂತು ಈರುಳ್ಳಿ ಸಸಿಗೆ ನೀರು ಹಾಕುತ್ತಿದ್ದಳು.

"ಯಾವಾಗ?"

"ಹೋದ ವಾರ. ನೀನು ಕೆಲಸಕ್ಕೆ ಹೋಗಿದ್ದಾಗ ಫೋನ್ ಮಾಡಿದ್ಲು. ಹಾಡು ನಿಂದೇ ಅಂತ. ಅಷ್ಟು ಹೇಳಿ ಇಟ್ಬಿಟ್ಲು. ನಾನು ಆವತ್ತು ಊಟಕ್ಕೆ ಕೂತಾಗ ಅಂದಿದ್ದು ತಪ್ಪು ಅಮ್ಮ."

"ಸರಿ. ಈಗ ಏನು ಮಾಡ್ತೀಯಾ?"

"ಏನು ಮಾಡೋಕಾಗುತ್ತೆ? ನಮ್ಮಜ್ಜಿಯ ಅಜ್ಜಿ ಹಾಡು ಅಂತ ದೇಶಕ್ಕೆಲ್ಲ ಹೇಳಿದೀನಿ. ಪ್ರತಿ ಸಲ ಮೈಕ್ ಹಿಡಿದಾಗ ಅದನ್ನೇ ಹೇಳಿಸ್ತಾರೆ. ಈಗ ಅಲ್ಲ ಅಂದ್ರೆ ನಾನು ಸುಳ್ಳಿ. ನೀನು, ಅಜ್ಜಿ, ಸಹಿ ಮಾಡಿರೋ ಸುಳ್ಳರು. ಕಂಪನಿಯೋರು ನನ್ನ ಬಿಡ್ತಾರಾ? ದುಡ್ಡಿಗೆ ತಾಯಿ ಕೈ ಚಾಚಿದ್ಲು ಅಂತ ಜನ ಬಿಡ್ತಾರಾ? ನೀನು ಯಾರಿಗೂ ಹೇಳಬೇಡ ಅಮ್ಮ. ನಿನ್ನ ಕಾಲಿಗೆ ಬೀಳ್ತೀನಿ."

ವಿಲ್ಡಾ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೇಳಲ್ಲ. ದುಡ್ಡೂ ಬೇಡ. ಒಂದೇ ಕೇಳ್ತೀನಿ. ಹೂವಿನ ಭಾನುವಾರ ಬರ್ತೀಯಲ್ಲ, ಅವತ್ತು ಮೇಲೆ ನಿನ್ನ ಅಕ್ಕನ ಹತ್ತಿರ ಹಳೇ ಪದದಲ್ಲಿ ಹಾಡು. ಅಲ್ಲಿ ಒಂದು ಕಡೆ ಅದು ಹಾಗೇ ಇರ್ಲಿ."

"ಹಾಡ್ತೀನಿ. ಮಾತು ಕೊಟ್ಟೆ."

ಫೋನಿಟ್ಟು ವಿಲ್ಡಾ ಹಿಂದಿನ ಬಾಗಿಲಿಗೆ ಬಂದಳು. ನಾಲ್ಕು ವಾರದ ಮೇಲೆ ತಾಯಿಯ ಹತ್ತಿರ ಮೊದಲ ಮಾತಾಡಿದಳು.

"ಅವಳಿಗೆ ಹೇಳಿದ್ಯಂತೆ."

"ಹೇಳ್ದೆ."

"ನನ್ನ ಮುಂದೆ ಹೇಳೋಕೆ ಏನಾಗಿತ್ತು?"

"ಫೋನಲ್ಲಿ ಮುಖ ಕಾಣಲ್ಲ," ಎಂದಳು ಡೆಲ್ಫಿಯಾ. ನೀರಿನ ಡಬ್ಬ ಕೆಳಗಿಟ್ಟು, "ಇವತ್ತು ನಿನ್ನ ಪಾತ್ರೆಗೇ ನನ್ನ ಕಾಳೂ ಹಾಕು. ಗ್ಯಾಸ್ ಸುಮ್ನೆ ಉರೀತಿದೆ," ಎಂದಳು.

ವಿಲ್ಡಾ ಹಾಕಿದಳು.

*

ಹೂವಿನ ಭಾನುವಾರ ಬಿಸಿಲು ಚೆನ್ನಾಗಿತ್ತು. ವಿಲ್ಡಾ ಎರಡು ದಿನ ಮುಂಚಿತವಾಗಿ ಕೂತು, ಒಣಸೇಬಿನ ಹೂರಣ ಹಚ್ಚಿ ಏಳು ಪದರದ ಕೇಕು ಮಾಡಿದ್ದಳು. ಗುಡ್ಡದ ಮೇಲೆ ಉದ್ದ ಹಲಗೆ ಜೋಡಿಸಿ, ಬಿಳಿ ಬಟ್ಟೆ ಹಾಸಿ, ಕರಿದ ಕೋಳಿ, ಹಂದಿಮಾಂಸ ಹಾಕಿ ಬೇಯಿಸಿದ ಹುರುಳಿಕಾಯಿ, ಮೊಟ್ಟೆ, ಉಪ್ಪಿನಕಾಯಿ ಎಲ್ಲ ಇಟ್ಟಿದ್ದರು. ಬೇರೆ ವರ್ಷ ಅರವತ್ತು ಜನ ಸೇರುತ್ತಿದ್ದ ಕಡೆ ಈ ಸಲ ಮುನ್ನೂರು ಜನ. ಪಕ್ಕದ ಜಿಲ್ಲೆಯಿಂದಲೂ ಬಂದಿದ್ದರು. ಸತ್ತವರು ಯಾರೂ ಇಲ್ಲದವರೂ ಬಂದಿದ್ದರು.

ವಿಲ್ಡಾ ಬೆಳಗ್ಗೆಯೇ ಜೂನಿಯ ಕಲ್ಲು ತೊಳೆದು, ತುಳಿದು ಸತ್ತ ಹುಲ್ಲು ಕಿತ್ತು, ಕೆಂಪು ಕ್ರೇಪ್ ಕಾಗದದ ಹೂವಿಟ್ಟಿದ್ದಳು. ಡೆಲ್ಫಿಯಾಳನ್ನು ಮಡಚುವ ಕುರ್ಚಿಯಲ್ಲಿ ಪಕ್ಕಕ್ಕೆ ಕೂರಿಸಿದ್ದಳು.

ಟ್ರೆಸ್ಸಾ ಬಂದಾಗ ಹನ್ನೊಂದು ಗಂಟೆ. ಹಿಂದೆ ಪೈಪರ್ ಇದ್ದಳು, ಒಂದು ಕ್ಯಾಮೆರಾ ಇತ್ತು.

"ಒಂದೇ ತಂದಿರೋದು," ಟ್ರೆಸ್ಸಾ ತಾಯಿಯ ಕಿವಿಯಲ್ಲಿ ಹೇಳಿದಳು. "ಬೇಡ ಅಂದೆ. ಕೇಳಲಿಲ್ಲ. ಆದ್ರೂ ಹಾಡ್ತೀನಿ ಅಮ್ಮ, ನೀನು ಹೇಳಿದ್ದೇ."

ಎನಸ್ ಈಗ ಕೋಲು ಹಿಡಿದು ನಡೆಯುವ ಮುದುಕ. ಪ್ರಾರ್ಥನೆ ಮುಗಿಸಿ, "ನಮ್ಮ ಹುಡುಗಿ ನಮ್ಮ ಹಳೇ ಹಾಡು ಹಾಡ್ತಾಳೆ," ಎಂದ. ಟ್ರೆಸ್ಸಾ ಗಿಟಾರು ಇಲ್ಲದೆ ಚಿಕ್ಕ ಕಲ್ಲಿನ ಪಕ್ಕ ನಿಂತಳು. ಕಣ್ಣು ಮುಚ್ಚಿದಳು.

"ಮೊಳೆಗೆ ತೂಗಿದೆ ಕೆಂಪು ಕೋಟು," ಎಂದು ಎತ್ತಿಕೊಂಡಳು. ವಿಲ್ಡಾ ತಾಯಿಯ ಭುಜದ ಮೇಲೆ ಕೈಯಿಟ್ಟಳು.

ಅಷ್ಟು ಸಾಕಾಯಿತು ಮುನ್ನೂರು ಜನಕ್ಕೆ. ಎರಡನೆಯ ಸಾಲಿಗೆ ಎಲ್ಲರೂ ಒಟ್ಟಿಗೆ ದನಿಗೂಡಿಸಿದರು. ಬಾಗಿಲ ಚಿಲಕ ತೆಗೆದಿಟ್ಟೆ ಎಂದು ಗುಡ್ಡವೇ ಹಾಡಿತು. ಟ್ರೆಸ್ಸಾಳ ಬಾಯಲ್ಲಿ ತೋಳಿನ ಮಡಿಕೆ ಶುರುವಾಗಿತ್ತು, ಅವಳ ತುಟಿ ಅಲ್ಲಾಡಿದ್ದು ವಿಲ್ಡಾ ಕಂಡಳು. ಕಣ್ಣು ತೆರೆದು ಒಮ್ಮೆ ತಾಯಿಯನ್ನು ನೋಡಿದಳು, ಒಮ್ಮೆ ಕ್ಯಾಮೆರಾ ನೋಡಿದಳು. ಮೂರನೆಯ ಸಾಲಿಗೆ ಜನರ ಜೊತೆ ಸೇರಿಕೊಂಡಳು. ನಾಲ್ಕನೆಯದಕ್ಕೆ ಕೈ ಎತ್ತಿ, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದಳು.

ವಿಲ್ಡಾ ತನ್ನ ಪದಗಳನ್ನೇ ಹಾಡಿದಳು. ದನಿ ದೊಡ್ಡದೇನಲ್ಲ, ಪಕ್ಕದವರಿಗೆ ಕೇಳುವಷ್ಟು. ಪಕ್ಕದಲ್ಲಿದ್ದುದು ಎಂಟೊಂಬತ್ತು ವರ್ಷದ ಹುಡುಗಿ, ಶಾಲೆಯಲ್ಲಿ ದಿನಾ ಇನ್ನೊಂದು ಚೂರು ಕೇಳುವವಳು. ಅವಳು ವಿಲ್ಡಾಳ ತೋಳು ಹಿಡಿದೆಳೆದಳು.

"ನೀವು ತಪ್ಪು ಹಾಡ್ತಿದೀರಾ ಆಂಟಿ."

"ಹೌದಾ?"

"ಕೈ ಅಷ್ಟೇ ಉಳೀತು ಅಂತ ಇಲ್ಲವೇ ಇಲ್ಲ. ಇರಿ, ಇಲ್ಲಿ ಸಿಗುತ್ತೆ." ಹುಡುಗಿ ಅಮ್ಮನ ಫೋನು ಕಸಿದುಕೊಂಡು ಒತ್ತಿದಳು. ಚಿಕ್ಕ ಕಲ್ಲಿನ ಹತ್ತಿರ ಪೂರ್ತಿ ಹಿಡಿಯುತ್ತಿತ್ತು. ಹಾಡು ಅಕ್ಷರದಲ್ಲಿ ಬಂತು. ಕೆಳಗೆ ಮೂರು ಹೆಸರು, ವಿಲ್ಡಾ ಕಾಣದ ಮೂರು ಜನರವು.

"ನಂಗೆ ಕನ್ನಡಕ ಇಲ್ಲ ಮಗಾ."

"ಪರವಾಗಿಲ್ಲ. ನಾನು ಹೇಳಿಕೊಡ್ತೀನಿ, ನೀವು ಹಾಡಿ."

ಜನ ಮತ್ತೆ ಮೊದಲಿನಿಂದ ಎತ್ತಿಕೊಂಡಿದ್ದರು. ಹುಡುಗಿ, ಸಭೆಯಲ್ಲಿ ಎನಸ್ ಕೊಡುವಂತೆಯೇ, ಗಲ್ಲ ಸ್ವಲ್ಪ ಮೇಲೆ ಮಾಡಿ, ಬೇಗಬೇಗ ಸಾಲು ಕೊಟ್ಟಳು.

"ಮೊಳೆಗೆ ತೂಗಿದೆ ನಿನ್ನ ಕೋಟು."

ವಿಲ್ಡಾ ಬಾಯಿ ಬಿಗಿಹಿಡಿದಳು. ಡೆಲ್ಫಿಯಾ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಬೆರಳುಗಳು ತನ್ನದೇ ಕೋಟಿನ ತೋಳಿನ ಅಂಚನ್ನು ಒಳಗೆ ಮಡಚುತ್ತಿದ್ದವು, ಬಿಚ್ಚುತ್ತಿದ್ದವು, ಮತ್ತೆ ಮಡಚುತ್ತಿದ್ದವು.

"ಬಾಗಿಲ ಚಿಲಕ ತೆಗೆದಿಟ್ಟೆ," ಎಂದಿತು ಮಗು. "ಹಾಡಿ ಆಂಟಿ."

ಕೊಟ್ಟ ಸಾಲನ್ನು ಬಿಟ್ಟು ಅಭ್ಯಾಸವಿಲ್ಲದ ಗಂಟಲು ಅದು. ವಿಲ್ಡಾ ಹಿಡಿದುಕೊಂಡಳು, ಎಳೆದು ಹಾಡಿದಳು. ಹುಡುಗಿ ಸರಿ ಎಂದು ತಲೆಯಾಡಿಸಿ, ಮುಂದಿನ ಸಾಲು ಕೊಟ್ಟಳು.